ಪ್ಲೈವುಡ್ ಗೋಡೆಯ ಆಚೆ ಈಚೆ

ಬುಡದಿರಿ ಮೇಲಿನ ಹಳ್ಳಿ
ಸೆಪ್ಟೆಂಬರ್ 21, ಭಾನುವಾರ, ಆರಾಧನೆ ಮುಗಿಸಿ ಬಂದ ಮೇಲೆ

ತಂಗಿಯ ಮಗಳು ಲೋಯಿಸ್‌ಗೆ,

ಕರ್ತನು ನಿನ್ನನ್ನು ಕಾಯಲಿ. ಇದು ರೂಢಿಗೆ ಬರೆದದ್ದಲ್ಲ, ಮಂಡಿಯೂರಿ ಬೇಡಿಕೊಂಡು ಎದ್ದು ಬಂದು ಬರೆಯುತ್ತಿದ್ದೇನೆ. ‘ಪ್ರೀತಿಯ’ ಅಂತ ಶುರು ಮಾಡಲು ಎರಡು ಸಲ ನೋಡಿದೆ, ಕೈ ಏಳಲಿಲ್ಲ. ಪ್ರೀತಿ ಎಲ್ಲಿಗೂ ಹೋಗಿಲ್ಲ. ಆ ಮಾತು ಬರೆಯಲು ಆಗುತ್ತಿಲ್ಲ, ಅಷ್ಟೆ.

ನೀನು ಫೋನಿಗೆ ಕಳಿಸಿದ್ದನ್ನು ಓದಿದೆ. “ದೊಡ್ಡಮ್ಮ, ನೈರೋಬಿಯಿಂದ ಪುಸ್ತಕದವರು ಫೋನ್ ಮಾಡ್ತಾರೆ. ಹೋದ ವರ್ಷದ ಹಾಗೇ ಹೇಳಿಬಿಡು. ಹಳ್ಳದ ವಿಷಯ ಎತ್ತಬೇಡ” ಅಂತ. ಗುರುವಾರ ಫೋನ್ ಬಂತು. ನೀನು ಹೇಳಿಕೊಟ್ಟ ಹಾಗೆ ನಾನು ಹೇಳಲಿಲ್ಲ. ಮಾರನೆಯ ದಿನ ಮ್ಬಾಲೆ ಪಟ್ಟಣಕ್ಕೆ ಹೋಗಿ ಇನ್ನೊಂದು ಕೆಲಸವನ್ನೂ ಮಾಡಿ ಬಂದೆ. ನಮ್ಮ ಹಳ್ಳದ ದಂಡೆ ನಮಗೆ ವಾಪಸು ಬರಲಿ ಅಂತ ಪ್ರಮಾಣಪತ್ರಕ್ಕೆ ಸಹಿ ಹಾಕಿದೆ. ಅದರಿಂದ ನಿನ್ನ ವಕೀಲಿಯ ಕರಿ ನಿಲುವಂಗಿ ಹೋದರೂ ಹೋಗಬಹುದು ಅಂತ ಗೊತ್ತಿದ್ದೇ ಹಾಕಿದೆ. ಇದನ್ನು ನಿಮ್ಮ ಕಚೇರಿಯ ವೋಜೆಯಿ ವಕೀಲರ ಬಾಯಿಂದ ಕೇಳುವುದಕ್ಕಿಂತ ನನ್ನ ಕೈಬರಹದಲ್ಲಿ ಓದು.

ನಿನ್ನ ಅಮ್ಮ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ. ನನ್ನ ಚಾಪೆಯ ಮೇಲೇ ಮಲಗಿ ಬೆಳೆದೆ. ನೀನು ವಕೀಲಳಾಗಿ ಬಂದ ದಿನ ನಮ್ಮ ದೇವಾಲಯದ ಮದರ್ಸ್ ಯೂನಿಯನ್ನಿನ ಹೆಂಗಸರೆಲ್ಲ ಸೇರಿ ಕಳಲೆಗೆ ಶೇಂಗಾ ಅರೆದು ಹಾಕಿ ಅಡಿಗೆ ಮಾಡಿದರು, ನಿಲುವಂಗಿ ಸಮೇತ ನಿನ್ನನ್ನು ಹೆಗಲ ಮೇಲೆ ಹೊತ್ತು ದೇವಾಲಯಕ್ಕೆ ತಂದರು. ನನ್ನ ಗೆಳತಿ ನಂದುದು ಮುಂದೆ ಮುಂದೆ ಕುಣಿಯುತ್ತ, “ಇನ್ನು ನಮ್ಮನ್ನ ಯಾರು ಮುಟ್ತಾರೆ ನೋಡ್ತೀನಿ, ನಮ್ಮ ಮನೇಲೇ ಕರಿ ಕೋಟಿದೆ” ಅಂದಳು. ಇದನ್ನು ನಿನ್ನ ಮನಸ್ಸು ಕರಗಿಸಲು ಬರೆಯುತ್ತಿಲ್ಲ. ಕಾಫಿ ಕಂಪನಿಯವರು ಬಂದು, ಹಳ್ಳದ ದಂಡೆಯನ್ನು ಕುಲದ ಹಿರಿಯರಿಂದ ಕೊಂಡಿದ್ದೇವೆ, ನಿಮ್ಮ ಕಾಫಿ ತೊಳೆಯುವ ತೊಟ್ಟಿ ಚಪ್ಪರ ಎಲ್ಲ ಎಬ್ಬಿಸಿ ಅಂದಾಗ ನಾವು ಯಾಕೆ ಬೇರೆ ವಕೀಲರ ಮುಖ ನೋಡಲಿಲ್ಲ ಅನ್ನುವುದು ನಿನಗೆ ನೆನಪಿರಲಿ ಅಂತ ಬರೆದೆ.

ಹೋದ ವರ್ಷ ಜುಲೈಯಲ್ಲಿ ನೀನು ರಾಜಿ ಪತ್ರ ತಂದೆ. ದಂಡೆ ಬಿಟ್ಟುಕೊಡಬೇಕು, ರಸ್ತೆಯ ಮೇಲ್ಗಡೆ ಜಾಗ ಕೊಡುತ್ತಾರೆ, ನೀರಿಗೆ ಪೈಪು ಎಳೆಯುತ್ತಾರೆ. “ಇದಕ್ಕಿಂತ ಒಳ್ಳೇದು ಸಿಗಲ್ಲ ದೊಡ್ಡಮ್ಮ. ಕೋರ್ಟಿಗೆ ಹೋದ್ರೆ ಹತ್ತು ವರ್ಷ ಅಲೆದಾಡ್ತೀರಿ” ಅಂದೆ. ಹೆಂಗಸರು ಹೆಬ್ಬೆಟ್ಟು ಒತ್ತಲು ಹಿಂದೆ ಮುಂದೆ ನೋಡಿದರು. ನಾನು ಎದ್ದು ನಿಂತು, ಇವಳು ನನ್ನ ಮಗಳು, ನಮಗೆ ಕೆಡುಕು ಬಗೆಯುವವಳಲ್ಲ ಅಂದೆ. ಒತ್ತಿದರು. ಪೈಪು ಈವರೆಗೆ ಬಂದಿಲ್ಲ. ನೀರಿಲ್ಲದೆ ಕಾಫಿ ತೊಳೆಯುವುದು ಹೇಗೆ? ಹಣ್ಣನ್ನು ಹಸಿಯಾಗಿಯೇ ಹೊತ್ತುಕೊಂಡು ಹೋಗಿ ಅದೇ ಕಂಪನಿಯ ಗೇಟಿನಲ್ಲಿ ಸಾಲು ನಿಲ್ಲುತ್ತೇವೆ. ಅವರು ಒಂದು ಹಣ್ಣು ಹಿಚುಕಿ ನೋಡಿ, ಬಲಿತಿಲ್ಲ ಅಂತಾರೆ. ಆಗಲೂ ನಿನ್ನ ಮೇಲೆ ನನಗೆ ಒಂದು ಕೂದಲಿನಷ್ಟು ಅನುಮಾನ ಬರಲಿಲ್ಲ. ಏನೂ ಗೊತ್ತಿರಲಿಲ್ಲ.

ರಾಜಿಯಾಗಿ ಎರಡು ತಿಂಗಳಿಗೆ ನೀನು ಬಂದು ಆ ಪುಸ್ತಕದ ವಿಷಯ ಹೇಳಿದೆ. ಯಾವ ವಕೀಲರ ಕಚೇರಿ ಯಾವ ಕೆಲಸದಲ್ಲಿ ಎಷ್ಟು ಗಟ್ಟಿ ಅಂತ ತೂಗಿ ನೋಡಿ ದರ್ಜೆ ಕೊಡುವ ಪುಸ್ತಕ, ಈ ಸಲ ಕಂಪಾಲಾ ಬಿಟ್ಟು ಹೊರಗಿನ ಊರುಗಳನ್ನೂ ಸೇರಿಸುತ್ತಿದ್ದಾರೆ, ಕಚೇರಿಯವರು ಹೇಳಿಕೊಂಡದ್ದನ್ನು ಅವರು ನಂಬುವುದಿಲ್ಲ, ಕಕ್ಷಿದಾರರನ್ನೇ ಕೇಳುತ್ತಾರೆ ಅಂದೆ. ನನಗೆ ಸರಿ ಅನ್ನಿಸಿತು. ಮದುವೆಗೆ ಮುಂಚೆ ನಾವೂ ನೆರೆಹೊರೆಯವರನ್ನೇ ಕೇಳುತ್ತೇವಲ್ಲ. ಫೋನ್ ಮಾಡಿದ ಹುಡುಗಿಯ ಹೆಸರು ಮುಥೋನಿ. ನನ್ನ ಇಂಗ್ಲಿಷು ಏಳನೇ ಕ್ಲಾಸಿನದು, ಅದಕ್ಕೇ ಗಡಿ ಸಂತೆಯಲ್ಲಿ ಕಲಿತ ಸ್ವಾಹಿಲಿಯಲ್ಲೇ ಮಾತಾಡಿದೆ. ನೀನು ಹೊತ್ತು ಗೊತ್ತು ನೋಡದೆ ಬೆಟ್ಟ ಹತ್ತಿ ಬಂದದ್ದು, ಮುದುಕಿಯರಿಗೆ ಕಾಗದ ಓದಿ ಹೇಳಿದ್ದು, ಎಲ್ಲ ಹೇಳಿದೆ. ಅವರು ನಮ್ಮನ್ನು ಸ್ವಂತದವರ ಹಾಗೆ ನೋಡಿಕೊಂಡರು ಅಂದೆ.

ಈ ಆಗಸ್ಟಿನಲ್ಲಿ ಪುಸ್ತಕ ಬಂತು, ನಿಮಗೆ ಮೊದಲ ದರ್ಜೆ. ನೀನು ಕೃತಜ್ಞತಾ ಪ್ರಾರ್ಥನೆಗೆ ಕರೆದೆ. ನಾನು ಹೊಸ ಗೊಮೆಸಿ ಉಟ್ಟುಕೊಂಡು ಬಂದೆ, ಸೊಂಟದ ಪಟ್ಟಿ ಬಿಗಿಯಾಗಿ ಸರಿಯಾಗಿ ಉಸಿರಾಡಲೂ ಆಗಲಿಲ್ಲ, ಆದರೂ ಮೊದಲ ಬೆಂಚಿನಲ್ಲಿ ಕೂತಿದ್ದೆ. ಎಲ್ಲರಿಗೂ ಆ ಪುಟವನ್ನು ಅಚ್ಚು ಹಾಕಿಸಿ ಹಂಚಿದಿರಿ. ಅದನ್ನು ಮಡಚಿ ಬೈಬಲ್ಲಿನೊಳಗೆ ಇಟ್ಟುಕೊಂಡು ಊರಿಗೆ ತಂದೆ.

ಮರುದಿನ ನಮ್ಮ ಹೆಂಗಸರ ಕಾಫಿ ಸಂಘದ ಸಭೆ. ನಂದುದು ಬಿಡಲಿಲ್ಲ. “ಎರೀನಾ, ನಮ್ಮ ಹೆಸರು ಪುಸ್ತಕದಲ್ಲಿ ಬಂದಿದೆಯಂತೆ, ಓದೇ. ಸಾಯೋಕೆ ಮುಂಚೆ ಕೇಳ್ತೀನಿ” ಅಂದಳು. ಓದಿ ಓದಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಜಮೀನಿನ ವಿಭಾಗದಲ್ಲಿ ನಮ್ಮ ಸಂಘದ ಹೆಸರು ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅದರ ಕೆಳಗೆ ಕಂಪನಿ ವ್ಯವಹಾರದ ವಿಭಾಗ. ಬೆಟ್ಟದ ಕಾಫಿ ಕಂಪನಿಯೊಂದಕ್ಕೆ ಹಳ್ಳವನ್ನೂ ದಂಡೆಯನ್ನೂ ಮೊದಲಿನಿಂದ ಕೊನೆಯವರೆಗೆ ನಿಂತು ಕೊಡಿಸಿದರು, ಊರ ಹೆಂಗಸರ ವಿರೋಧ ಕೋರ್ಟಿನ ಮೆಟ್ಟಿಲು ಹತ್ತದಂತೆ ಮುಗಿಸಿದರು ಅಂತ ಬರೆದಿತ್ತು. ಅದರ ಕೆಳಗೆ ಓರೆ ಅಕ್ಷರದಲ್ಲಿ, ಒಬ್ಬ ಕಕ್ಷಿದಾರರ ಮಾತು: ನಮ್ಮನ್ನು ಸ್ವಂತದವರ ಹಾಗೆ ನೋಡಿಕೊಂಡರು.

ನನ್ನ ಮಾತು, ಲೋಯಿಸ್. ನಿನಗೋಸ್ಕರ ಹೇಳಿದ ಮಾತನ್ನು ಆ ವಾಕ್ಯದ ಕೆಳಗೆ ಹಾಸಿದ್ದರು.

ಓದುವುದು ನಿಂತುಹೋಯಿತು. “ಯಾಕೇ ನಿಂತೆ? ಆನಂದಬಾಷ್ಪಾನಾ?” ಅಂದಳು ನಂದುದು. ಎಲ್ಲರೂ ನಕ್ಕರು. ಅಕ್ಷರ ಸಣ್ಣದು, ಕಣ್ಣಿಗೆ ಹತ್ತುತ್ತಿಲ್ಲ ಅಂದೆ. ಪ್ರಾರ್ಥನೆ ಮಾಡಿ ಶುರುವಾದ ಸಭೆಯಲ್ಲಿ ಸುಳ್ಳು ಹೇಳಿದೆ, ನಿನಗೋಸ್ಕರ. ಹನ್ನೆರಡು ದಿನ ಆ ಸುಳ್ಳನ್ನು ಒಳಗೇ ಇಟ್ಟುಕೊಂಡಿದ್ದೆ.

ಹದಿಮೂರನೆಯ ದಿನ ನಿಮ್ಮ ಕಚೇರಿಗೆ ಬಂದೆ. ನೀನು ಕೋರ್ಟಿಗೆ ಹೋಗಿದ್ದೆ. ನಿಮ್ಮ ಗುಮಾಸ್ತೆ ಆ ಪುಟ ನೋಡಿ ಗಾಬರಿಯಾದಳು, ಪಾಪ, ನನ್ನನ್ನೇ ಸಮಾಧಾನ ಮಾಡಲು ಹೊರಟಳು. “ಅಮ್ಮ, ಪ್ರತಿ ವಿಭಾಗಕ್ಕೂ ನಾವು ಮಾಡಿದ ಕೆಲಸದ ಎರಡು ಪಟ್ಟಿ ಕಳಿಸ್ತೀವಿ. ಒಂದು ಅಚ್ಚಿಗೆ. ಇನ್ನೊಂದು ತೂಗೋರ ಕಣ್ಣಿಗೆ ಮಾತ್ರ. ಇದು ಆ ಎರಡನೇದಕ್ಕೆ ಹೋಗ್ಬೇಕಿತ್ತು. ನಾನೇ ತಪ್ಪಿ ಮೊದಲನೇದಕ್ಕೆ ಸೇರಿಸ್ಬಿಟ್ಟೆ. ನನ್ನ ಕೆಲಸ ಹೋಗುತ್ತೆ” ಅಂದಳು. ಆ ಹುಡುಗಿ ಅಷ್ಟು ಸರಿಯಾಗಿ ಕೆಲಸ ಮಾಡಿದ್ದಿದ್ದರೆ ನಾನು ಸಾಯುವವರೆಗೂ ನಿನಗಾಗಿ ಸ್ತೋತ್ರ ಹೇಳುತ್ತಿದ್ದೆ.

ಆಮೇಲೆ ನೀನು ಬಂದೆ. ಅಳುತ್ತೀಯ ಅಂದುಕೊಂಡಿದ್ದೆ. ನೀನು ಕುರ್ಚಿ ಎಳೆದು ಕೂತು ವಿವರಿಸಿದೆ. “ಅದು ಬೇರೆ ವಿಭಾಗ ದೊಡ್ಡಮ್ಮ. ವೋಜೆಯಿಯವರ ಕಡೆಯ ಕೆಲಸ. ನಮ್ಮಿಬ್ಬರ ನಡುವೆ ಗೋಡೆ ಇರುತ್ತೆ, ಆ ಕಡೆ ಏನು ನಡೆಯುತ್ತೆ ಅಂತ ಈ ಕಡೆಗೆ ಗೊತ್ತಾಗಲ್ಲ” ಅಂದೆ. ಆ ಗೋಡೆಯನ್ನು ನಾನು ನೋಡಿದ್ದೇನೆ ಮಗಳೇ. ಪ್ಲೈವುಡ್ಡು. ಆ ಕಡೆ ಸೀನಿದರೆ ಈ ಕಡೆಯವರು ದೇವರು ಒಳ್ಳೇದು ಮಾಡಲಿ ಅಂತಾರೆ. ಚಹಾದ ಕೆಟಲ್ಲೂ ಒಂದೇ. ಹಾಗಂತ ಹೇಳಿದಾಗ ನಿನಗೆ ನಗು ಬಂತು, ನನಗೂ ಬಂತು, ಅಷ್ಟರಲ್ಲಿ ನೀನು ಇನ್ನೊಂದು ಮಾತು ಅಂದೆ. “ಕಂಪನಿ ಕೆಲಸದಲ್ಲಿ ನಾವು ತೀರಾ ತೆಳು ಇದ್ವಿ. ಇದೊಂದು ತೋರಿಸ್ದೆ ಇದ್ದಿದ್ರೆ ಆ ವಿಭಾಗದಲ್ಲಿ ದರ್ಜೆನೇ ಸಿಗ್ತಿರ್ಲಿಲ್ಲ.” ಅಂದರೆ ಆ ಕೆಲಸದ ವಿಷಯ ನಿನಗೆ ಗೊತ್ತಿತ್ತು. ಪಟ್ಟಿಗೆ ಹಾಕಿದ್ದೂ ಗೊತ್ತಿತ್ತು. ನನ್ನ ನಗು ಅಲ್ಲಿಗೆ ನಿಂತಿತು. ಯಾವಾಗಿನಿಂದ ಗೊತ್ತಿತ್ತು ಅಂತ ಕೇಳಿದೆ. ನೀನು ಕಿಟಕಿಯ ಕಡೆ ನೋಡಿದೆ. ಚಿಕ್ಕವಳಿದ್ದಾಗ ಸಕ್ಕರೆ ಕದ್ದರೂ ನನ್ನ ಮುಖವನ್ನೇ ನೋಡಿಕೊಂಡು ಇಲ್ಲ ಅನ್ನುತ್ತಿದ್ದವಳು ನೀನು.

ಇಷ್ಟಾದ ಮೇಲೂ ಪುಸ್ತಕದವರಿಗೆ ಕೊಟ್ಟ ಈ ವರ್ಷದ ಸಾಕ್ಷಿಗಳ ಪಟ್ಟಿಯಿಂದ ನೀನು ನನ್ನ ಹೆಸರು ತೆಗೆಸಲಿಲ್ಲ. ಕಚೇರಿ ಮಾಡಿದ್ದು ಒಂದು ನೋವು. ಈ ದೊಡ್ಡಮ್ಮ ಸುಳ್ಳು ಹೇಳಿಯೇ ಹೇಳುತ್ತಾಳೆ ಅಂತ ನೀನು ನಂಬಿದ್ದೀಯಲ್ಲ, ಅದು ಬೇರೆ ನೋವು.

ಮುಥೋನಿ ಒಂದೊಂದೇ ವಿಭಾಗ ಕೇಳಿದಳು. ಜಮೀನಿನ ಕೆಲಸದಲ್ಲಿ ಹೇಗಿದ್ದಾರೆ ಅಂದಳು. ದಂಡೆಯ ಮೇಲೆ ನಿಂತು ಹೇಳಬಹುದಿತ್ತು, ಈಗ ಅಲ್ಲಿ ಬೇಲಿ ಇದೆ ಅಂದೆ. ಕಂಪನಿ ಕೆಲಸದಲ್ಲಿ? ಬಹಳ ಗಟ್ಟಿ, ಎರಡೂ ಕಡೆಯ ಕಾಗದವನ್ನು ಒಂದೇ ಮನೆಯಲ್ಲಿ ಬರೆಯುವಷ್ಟು ಗಟ್ಟಿ ಅಂದೆ. ಕೋರ್ಟಿನಲ್ಲಿ? ಗೊತ್ತಿಲ್ಲ, ನಮ್ಮನ್ನು ಅಲ್ಲಿಯವರೆಗೆ ಹೋಗಲು ಬಿಟ್ಟರೆ ತಾನೆ. ಆಮೇಲೆ ಸಹಕಾರ ಸಂಘಗಳ ಕೆಲಸ ಕೇಳಿದಳು. ನಮ್ಮ ಸಂಘದ ನಿಯಮಗಳನ್ನು ನೀನು ಬರೆದುಕೊಟ್ಟದ್ದು ಚೆನ್ನಾಗಿದೆ. ಗಂಡ ಸತ್ತರೂ ಹೆಂಡತಿಯ ಪಾಲು ಅವಳದೇ ಅಂತ ಬರೆದಿದ್ದೀಯ, ಅದರಿಂದ ಇಬ್ಬರು ವಿಧವೆಯರ ಪಾಲು ಉಳಿದುಕೊಂಡಿತು. ಅದನ್ನೂ ಹೇಳಿದೆ. ಆ ಕೆಲಸದಲ್ಲಿ ನನ್ನ ಮಗಳಂಥವರು ಈ ಬೆಟ್ಟದ ಸುತ್ತ ಇಲ್ಲ ಅಂದೆ. ಅದು ನಿಜ, ಅದಕ್ಕೇ ಹೇಳಿದೆ.

“ಅಮ್ಮ, ಇದೆಲ್ಲ ಬರ್ಕೊಳ್ಳಲಾ?” ಅಂದಳು. ಬರ್ಕೊ, ಹೆಸರೂ ಹಾಕು ಅಂದೆ. ಹೆಸರು ಹಾಕುವ ಪದ್ಧತಿ ಇಲ್ಲವಂತೆ. “ಹೋದ ಸಲ ಹೊಗಳಿದಾಗ್ಲೂ ಹಾಕ್ಲಿಲ್ಲ, ಅದಕ್ಕೇ ನನ್ನ ಮಾತು ದಾರಿ ತಪ್ಪಿ ಯಾರದೋ ಮನೆ ಸೇರ್ತು” ಅಂದೆ. ಆ ಹುಡುಗಿ ಅದನ್ನೂ ಬರೆದುಕೊಂಡಳು.

ಶುಕ್ರವಾರ ಬಡವರ ಕಾನೂನು ನೆರವಿನ ಕಚೇರಿಯ ವಕೀಲೆಯನ್ನು ಕಂಡೆ. ಒಬ್ಬರೇ ವಕೀಲರು ಎರಡೂ ಕಡೆಗೆ ನಿಂತಿದ್ದರೆ ರಾಜಿ ಪತ್ರವನ್ನು ಮುರಿಯಬಹುದಂತೆ. ಆದರೆ ನನ್ನ ಪ್ರಮಾಣ ಬೇಕು, ನಿನ್ನ ಹೆಸರು ಅದರಲ್ಲಿ ಬರಬೇಕು. ವಕೀಲರ ಮಂಡಳಿಗೂ ಒಂದು ಪ್ರತಿ ಹೋಗುತ್ತದೆ. “ಹೆಸರು ಬಿಟ್ಟು ಬರೆಯೋಕಾಗಲ್ವಾ?” ಅಂತ ಕೇಳಿದೆ. ಅವಳು ಪೆನ್ನು ಕೆಳಗಿಟ್ಟು, “ಬೇಕಿದ್ರೆ ನಾಳೆ ಬನ್ನಿ ಅಮ್ಮ” ಅಂದಳು. ನಾಳೆಗೆ ಬಿಟ್ಟರೆ ನಾನು ಮತ್ತೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಬೈಬಲ್ಲಿನ ಮೇಲೆ ಕೈ ಇಟ್ಟು ಸಹಿ ಹಾಕಿದೆ.

ಹಿಂದಿರುಗಿ ಬಂದು ಹೆಂಗಸರಿಗೆ ಆ ಪುಟವನ್ನು ಪೂರ್ತಿ ಓದಿದೆ. ಈ ಸಲ ಚಪ್ಪಾಳೆ ಇರಲಿಲ್ಲ.

ನಿನ್ನನ್ನು ಶಪಿಸಿಲ್ಲ, ಶಪಿಸುವುದೂ ಇಲ್ಲ. ವಿಚಾರಣೆಗೆ ಕರೆದಾಗ ನಿಜ ಹೇಳು. ಆಮೇಲೆ ಮನೆಗೆ ಬಾ, ನಿಲುವಂಗಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ವೋಜೆಯಿಯವರ ಕಾರಿನಲ್ಲಿ ಮಾತ್ರ ಬರಬೇಡ.

ನಿನ್ನನ್ನು ಸಾಕಿದ
ದೊಡ್ಡಮ್ಮ ಎರೀನಾ ನಂಬೋಜೊ

ತಾಜಾ ಕಲಮು: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಮೇಲೆ ‘ಏನೂ ಗೊತ್ತಿರಲಿಲ್ಲ’ ಅಂತ ಬರೆದಿದ್ದೇನೆ, ಅದು ಪೂರ್ತಿ ನಿಜವಲ್ಲ. ಹೆಬ್ಬೆಟ್ಟು ಒತ್ತುವ ಹಿಂದಿನ ವಾರ ನಿಮ್ಮ ಕಚೇರಿಗೆ ಬಂದಾಗ ವೋಜೆಯಿಯವರ ಕೋಣೆಯಿಂದ ಕಂಪನಿಯ ಮ್ಯಾನೇಜರು ಗಿಜಾಂಬಾ ಹೊರಗೆ ಬಂದ. ನನ್ನನ್ನು ಕಂಡು ಟೋಪಿ ತೆಗೆದು, “ಹೇಗಿದ್ದೀರಿ ತಾಯಿ” ಅಂದ. ಇವನಿಗೆ ಇಲ್ಲೇನು ಕೆಲಸ ಅಂತ ನಿನ್ನನ್ನು ಕೇಳಬೇಕು ಅನ್ನಿಸಿತು. ಕೇಳಿದರೆ ನೀನು ಏನು ಹೇಳಿಬಿಡುತ್ತೀಯೋ ಅಂತ ಹೆದರಿ ಕೇಳಲಿಲ್ಲ. ಮುಂದಿನ ವಾರ ಎದ್ದು ನಿಂತು, ಇವಳು ನನ್ನ ಮಗಳು ಅಂದೆ. ಪ್ರಮಾಣಪತ್ರದಲ್ಲಿ ಇದನ್ನೂ ಬರೆಸಿದ್ದೇನೆ, ನಿನ್ನ ಹೆಸರಿಗಿಂತ ಮುಂಚೆ. ಇದರಿಂದ ನಮ್ಮ ಕೇಸು ಸಡಿಲವಾಗುತ್ತದೆ, ಬಿಟ್ಟುಬಿಡಿ ಅಂದಳು ಆ ವಕೀಲೆ. ಬಿಡಲಿಲ್ಲ. ಹೆಂಗಸರಿಗೂ ಹೇಳಿದೆ. ಯಾವತ್ತೂ ನನ್ನ ಪಕ್ಕದಲ್ಲೇ ಕೂರುವ ನಂದುದು ಇವತ್ತು ಆರಾಧನೆಯಲ್ಲಿ ನನ್ನ ಬೆಂಚಿಗೆ ಬರಲಿಲ್ಲ.