ಮಿರ್ಚಿ ತಿಂದ ಹತ್ತೊಂಬತ್ತು ಮಂದಿಯ ಪರವಾಗಿ

ಬಳ್ಳಾರಿ,
2203ನೆಯ ಇಸವಿ, ಫೆಬ್ರವರಿ 30

2027ರ ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯಲ್ಲಿರುವ ಎಲ್ಲರಿಗೂ,

2026ರ ನವೆಂಬರ್ 14ರ ಶನಿವಾರ, ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ, ನಿಮ್ಮ ಊರಿನ ಒಂದು ಸಭಾಂಗಣದಲ್ಲಿ ಹತ್ತೊಂಬತ್ತು ಮಂದಿಗೆ ಅನ್ಯಾಯವಾಯಿತು. ಅವರ ಹೆಸರುಗಳನ್ನು ಒಂದು ಹಲಗೆಯ ಮೇಲೆ ಬರೆದು, ಮೇಲುಗಡೆ 'ಮನೋಬಲ ಸಾಲದವರು' ಎಂದು ದಪ್ಪಕ್ಷರದಲ್ಲಿ ಹಾಕಿ, ಒಳಗೆ ಬರುವವರಿಗೆಲ್ಲ ಕಾಣುವಂತೆ ಗೋಡೆಗೆ ತೂಗುಹಾಕಲಾಯಿತು. ನೀವು ಇದನ್ನು ಓದುವ ಹೊತ್ತಿಗೂ ಆ ಹಲಗೆ ಅಲ್ಲೇ ಇರುತ್ತದೆ. ನನಗೆ ಅದು ನೂರ ಎಪ್ಪತ್ತೇಳು ವರ್ಷ ಹಳೆಯ ಸಿಟ್ಟು. ನಿಮಗೆ ಐದು ತಿಂಗಳ ಹಿಂದಿನ ಸಂಗತಿ, ಮೊಳೆ ಕೂಡ ಇನ್ನೂ ಹೊಳೆಯುತ್ತಿರಬೇಕು.

ಮೊದಲು ತಾರೀಖಿನ ಬಗ್ಗೆ ಕ್ಷಮೆ ಕೇಳುತ್ತೇನೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ವರ್ಷದ ಕೊನೆಗೆ ಸೇರಿಸಿ 'ಬಿಡುದಿನ' ಎಂದು ಕರೆಯುತ್ತೇವೆ. ಆಗ ಯಾರೂ ಕೆಲಸ ಮಾಡುವಂತಿಲ್ಲ, ಯಾರೂ ಯಾರನ್ನೂ ಏನು ಮಾಡುತ್ತಿದ್ದೀ ಎಂದು ಕೇಳುವಂತಿಲ್ಲ. ಹಾಗೆಯೇ ಈ ಪತ್ರ ತಲುಪಿದ ಬಗೆಯೂ ನಿಮಗೆ ವಿಚಿತ್ರ ಅನ್ನಿಸಬಹುದು. ಇದನ್ನು ತಂದದ್ದು ಹಿನ್ನಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲು. ಎಪ್ಪತ್ತು ದಾಟಿದವರಿಗೆ ಜೀವಮಾನದಲ್ಲಿ ಒಂದೇ ಪತ್ರಕ್ಕೆ ಅವಕಾಶ. ನನಗೀಗ ಎಪ್ಪತ್ತೆಂಟು. ಅಂಚೆಮನೆಯ ಹುಡುಗಿ ವಿಳಾಸ ನೋಡಿ, "ಯಮ್ಮಾ, ಎಲ್ರೂ ಅವರವರ ಅಜ್ಜಿಗೆ ಬರೀತಾರೆ. ನೀ ಊರಿಗೆಲ್ಲಾ ಬರೀತಿಯಲ್ಲ?" ಅಂದಳು. "ನಮ್ಮಜ್ಜಿ ಒಳ್ಳೇಕಿ ಕಣವ್ವಾ, ಬೈಬೇಕಾಗಿರೋದು ಊರಿಗೆ," ಅಂದೆ.

ನನ್ನ ಹೆಸರು ಹಂಪಮ್ಮ. ನಲವತ್ತು ವರ್ಷ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ತರ್ ಆಗಿದ್ದೆ. ಹಲಗೆಯ ಮೇಲಿನ ಏಳನೆಯ ಹೆಸರು ಹುಲಿಗೆಮ್ಮ. ಆಕೆ ನನ್ನ ಮುತ್ತಜ್ಜಿಯ ಅಜ್ಜಿ. ಆಕೆ ಬಳಸಿದ ಅಳತೆ ಪುಸ್ತಕ ನಮ್ಮ ಮನೆಯಲ್ಲಿದೆ. ಒಂದು ಬದಿಗೆ ಗಿರಾಕಿಗಳ ಸೊಂಟ, ತೊಡೆ, ಉದ್ದ. ಇನ್ನೊಂದು ಬದಿಗೆ ದಿನದ ಸಂಗತಿ. ನಾನು ಹೇಳುವುದೆಲ್ಲ ಆ ಇನ್ನೊಂದು ಬದಿಯಿಂದ.

ಆ ದಿನ ನಡೆದದ್ದು ಇಷ್ಟು. ಉಡುಪು ತಯಾರಕರ ಸಂಘವೊಂದು ಹೊಸ ಹೊಲಿಗೆ ಶೆಡ್‌ಗಳನ್ನು ಕಟ್ಟಿಸಿತ್ತು. ಯಾರಿಗೆ ಕೊಡಬೇಕೆಂದು ತೀರ್ಮಾನಿಸಲು ಮನೋಬಲ ಶಿಬಿರ ಇಟ್ಟಿತು. ಹೊರಗಿನಿಂದ ಬಂದ ತರಬೇತಿದಾರರು ಬೆಳಗಿನಿಂದ ಮಾತಾಡಿದರು. ವ್ಯಾಪಾರದಲ್ಲಾಗಲಿ ಬಾಳಿನಲ್ಲಾಗಲಿ ಗೆಲ್ಲುವವರಿಗೂ ಸೋಲುವವರಿಗೂ ಇರುವ ಒಂದೇ ವ್ಯತ್ಯಾಸ ಮನೋಬಲ ಎಂದರು. ಆಮೇಲೆ ಅರವತ್ತೊಂದು ಮಂದಿಯನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ಮುಂದೆ ಎರಡೆರಡು ಬಿಸಿ ಮಿರ್ಚಿ ಬಜ್ಜಿ ಇಡಿಸಿದರು. ಅರ್ಧ ಗಂಟೆ ಮುಟ್ಟದೆ ಕೂತವರು ಪಾಸು. ಬಳ್ಳಾರಿಯವರ ಮುಂದೆ, ಆಗಷ್ಟೇ ಎಣ್ಣೆಯಿಂದ ಎತ್ತಿದ ಮಿರ್ಚಿ ಇಟ್ಟು, ತಿನ್ನಬೇಡಿ ಎಂದು ಹೇಳಿದ ಆ ಮಹನೀಯರಿಗೆ ಊರಿನ ಪರಿಚಯ ಇರಲಿಲ್ಲ. ಇದ್ದಿದ್ದರೆ ಸಂಖ್ಯೆ ಹತ್ತೊಂಬತ್ತಕ್ಕೆ ನಿಂತದ್ದೇ ದೊಡ್ಡದು ಎಂದು ಸಮಾಧಾನ ಪಡುತ್ತಿದ್ದರು.

ಹುಲಿಗೆಮ್ಮ ನಾಲ್ಕನೆಯ ನಿಮಿಷಕ್ಕೆ ತಿಂದಳು. ಪಕ್ಕದಲ್ಲಿದ್ದ ನೆರೆಮನೆಯ ಮಾಬುನ್ನಿ, "ಯಕ್ಕಾ, ಆರಿಹೋಗಕತ್ತೈತೆ," ಎಂದಳಂತೆ. ಅಷ್ಟೇ ಸಾಕಾಯಿತು, ಮಾಬುನ್ನಿಯೂ ತಿಂದಳು. ತರಬೇತಿದಾರರು ಬಂದು, ಇಷ್ಟನ್ನೂ ತಡೆಯಲಾರದವಳು ಸ್ವಂತ ಉದ್ಯಮ ಹೇಗೆ ನಡೆಸುತ್ತೀಯಮ್ಮ ಎಂದು ಕೇಳಿದರು. ಹುಲಿಗೆಮ್ಮ ಬಾಯಿ ಒರೆಸಿಕೊಂಡು, "ತಿಂದಿದ್ದಾತು ಸಾರ್. ಈಗ ಮಿಷನ್ ಮುಂದೆ ಕೂಡ್ರಿಸ್ರಿ, ಎದ್ರೆ ಕೇಳ್ರಿ," ಎಂದಳು. ಯಾರೂ ಕೂರಿಸಲಿಲ್ಲ. ಹಲಗೆಗೆ ಹೆಸರು ಹೋಯಿತು. ಶೆಡ್ ಸಿಗಲಿಲ್ಲ.

ಇಲ್ಲಿಂದ ಮುಂದಿನದನ್ನು ಸಂತೋಷದಿಂದ ಬರೆಯುತ್ತೇನೆ, ಸಿಟ್ಟು ಮತ್ತೆ ಬರುತ್ತದೆ, ಕಾಯಿರಿ.

ಜೀನ್ಸ್ ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿ ತಂದು ಏನಾದರೂ ಹೊಲಿಯೋಣ ಎಂದು ಹುಲಿಗೆಮ್ಮನಿಗೆ ಅನ್ನಿಸಿತು. ಕೇಳಬೇಕಾಗಿದ್ದು ದೊಡ್ಡ ಕಾರ್ಖಾನೆಯ ಮಾಲೀಕನನ್ನು. ಮೂರು ದಿನ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ಓಣಿಯ ತಿರುವಿನವರೆಗೆ ಹೋಗಿ ವಾಪಸು ಬಂದಳು. ಹಲಗೆಯ ಮೇಲಿನ ಮಾತು ನಿಜವೇ ಇರಬೇಕು ಎಂದು ಪುಸ್ತಕದಲ್ಲಿ ಬರೆದಿದ್ದಾಳೆ. ನಾಲ್ಕನೆಯ ದಿನ ಮಾಬುನ್ನಿ ಬಂದು, ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಇವಳ ಬಾಗಿಲ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು.

"ನೀ ಹೋಗಿ ಬರೋತನಕ ಇದು ಇರ್ತೈತೆ. ನೀ ಒರೆಸಂಗಿಲ್ಲ. ಬಂದ ಮ್ಯಾಲೆ ನಾನೇ ಒರೆಸ್ತೀನಿ."

"ಹಂಗಾದ್ರೆ ತಡಿ, ನಿನ್ ಬಾಗಿಲಿಗೂ ಒಂದು ಎಳೀತೀನಿ. ಆರು ತಿಂಗಳಿಂದ ಹಲ್ಲು ನೋವು ಹಲ್ಲು ನೋವು ಅಂತೀಯ, ಡಾಕ್ಟ್ರ ತಾವ ಹೋಗಿಲ್ಲ."

ಹುಲಿಗೆಮ್ಮ ಕಾರ್ಖಾನೆಗೆ ಹೋಗಿ ಬಾಯಿ ತೆರೆಯುವಷ್ಟರಲ್ಲಿ ಮಾಲೀಕ, "ತಗೊಂಡೋಗಮ್ಮಾ, ಕಸ ಕಮ್ಮಿ ಆತೈತೆ," ಎಂದನಂತೆ. ಮೂರು ದಿನ ಅಂಜಿದ ಕೆಲಸ ಒಂದು ನಿಮಿಷ ಹಿಡಿಯಲಿಲ್ಲ. ಸಂಜೆ ಮಾಬುನ್ನಿ ಒಂದು ಕೆನ್ನೆ ಊದಿಸಿಕೊಂಡು ಬಂದು ಒದ್ದೆ ಬಟ್ಟೆಯಿಂದ ಗೆರೆ ಒರೆಸಿದಳು. ಹುಲಿಗೆಮ್ಮ ಹೋಗಿ ಅವಳ ಬಾಗಿಲು ಒರೆಸಿದಳು. ಅಲ್ಲಿಂದ ದಿನಕ್ಕೊಂದು ಗೆರೆ. ದೊಡ್ಡ ಸಂಕಲ್ಪಗಳಿಗೆ ಗೆರೆ ಇಲ್ಲ. ಮುಂದಕ್ಕೆ ಹಾಕುತ್ತ ಬಂದ ಒಂದು ಕೆಲಸ, ಅದೂ ಈ ದಿನದ್ದು, ಸೂರ್ಯ ಮುಳುಗುವುದರೊಳಗೆ ಮುಗಿಯುವಂಥದ್ದು. ಮುಗಿಯದಿದ್ದರೆ ಬೈಗುಳ ಇಲ್ಲ, ಗೆರೆ ನಾಳೆಗೂ ಇರುತ್ತದೆ, ಅಷ್ಟೇ. ಸ್ವಲ್ಪ ದಿನಗಳಲ್ಲಿ ಹತ್ತೊಂಬತ್ತು ಮಂದಿಯೂ ಜೋಡಿ ಮಾಡಿಕೊಂಡರು. ಒಬ್ಬರು ಹೆಚ್ಚಾದ್ದರಿಂದ ಒಂದು ಕಡೆ ಮೂವರು ಸೇರಿದರು.

ಶೆಡ್ ಇರಲಿಲ್ಲವಲ್ಲ, ಮಿಷನ್‌ಗಳನ್ನು ಓಣಿಯಲ್ಲೇ ಇಟ್ಟುಕೊಂಡರು. ಜನವರಿ ಕಳೆಯುತ್ತಲೇ ಬಿಸಿಲು ತಲೆ ಸುಟ್ಟಿತು. ತಂದ ತುಂಡುಗಳನ್ನೆಲ್ಲ ಸೇರಿಸಿ ಹೊಲಿದು, ಎದುರುಬದುರಿನ ಮಾಳಿಗೆಗಳ ನಡುವೆ ಕಟ್ಟಿದರು. ಅದು ಫೆಬ್ರವರಿಯ ಮಾತು. ನಂಬಿಕೆ ಬಾರದಿದ್ದರೆ ಈಗಲೇ ಹೋಗಿ ನೋಡಿ, ಆ ಒಂದು ನೀಲಿ ಚಪ್ಪರ ನಿಮ್ಮ ಊರಿನಲ್ಲಿದೆ. ಮುಂದೆ ಏನಾಗುತ್ತದೆ ಎಂಬುದನ್ನು ಮಾತ್ರ ಹುಲಿಗೆಮ್ಮನಿಗೆ ಹೇಳಬೇಡಿ. ಇಷ್ಟೆಲ್ಲ ಆಗುತ್ತದೆ ಎಂದು ತಿಳಿದರೆ ನಾಳೆಯ ಒಂದು ಹೊಲಿಗೆ ಹಾಕುವ ಮನಸ್ಸು ಹೋದೀತು.

ನಿಮಗೆ ಹೇಳುತ್ತೇನೆ. ನಮ್ಮ ಬಳ್ಳಾರಿಗೆ ಬಳ್ಳಾರಿಯೇ ನೀಲಿ ನೆರಳಿನಲ್ಲಿದೆ. ಬೀದಿಯ ಉದ್ದಕ್ಕೂ ಮೇಲೆ ಹರಡಿದ ಬಟ್ಟೆಗೆ 'ನೆರಳುಹಾಸು' ಎನ್ನುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಬಿಚ್ಚುತ್ತಾರೆ, ಸಂಜೆ ಐದಕ್ಕೆ ಸುತ್ತುತ್ತಾರೆ. ಕೋಟೆಯ ಬೆಟ್ಟದ ಮೇಲೆ ನಿಂತು ನೋಡಿದರೆ ಕೆಳಗೆ ಊರು ಕಾಣುವುದಿಲ್ಲ, ಮಡಿಕೆ ಮಡಿಕೆಯಾಗಿ ನೀಲಿ ಕಾಣುತ್ತದೆ, ಗಾಳಿ ಬಂದರೆ ಊರೇ ಉಸಿರಾಡಿದಂತೆ ಏಳುತ್ತದೆ. ಅಲ್ಲಲ್ಲಿ ಹಳೆಯ ಪ್ಯಾಂಟಿನ ಜೇಬುಗಳನ್ನು ಹಾಗೆಯೇ ಬಿಟ್ಟಿರುತ್ತಾರೆ, ಗುಬ್ಬಿಗಳು ಅದರೊಳಗೆ ಗೂಡು ಮಾಡುತ್ತವೆ. ಮೇ ತಿಂಗಳಲ್ಲೂ ಮಧ್ಯಾಹ್ನ ಮುದುಕರು ಬೀದಿಯಲ್ಲಿ ಕೂತು ಚೌಕಾಬಾರ ಆಡುತ್ತಾರೆ. ನಮ್ಮ ನೆರಳುಹಾಸು ರಾಯಚೂರು, ಕಲಬುರಗಿಗೂ ಸಮುದ್ರ ದಾಟಿದ ಮರುಭೂಮಿಯ ಊರುಗಳಿಗೂ ಹೋಗುತ್ತದೆ. ಬೆಳಿಗ್ಗೆ ಬೀದಿಯಲ್ಲಿ ನಡೆದರೆ ಬಾಗಿಲು ಬಾಗಿಲಿಗೆ ಚಾಕ್ ಗೆರೆ. ಜೋಡಿಗೆ 'ಗೆರೆಯೊಡತಿ', 'ಗೆರೆಯೊಡೆಯ' ಎನ್ನುತ್ತೇವೆ. ಮದುವೆ ಮಾತುಕತೆಯಲ್ಲಿ ಕೂಡ ನಿನ್ನ ಗೆರೆ ಯಾರ ಜೊತೆ ಎಂದು ಕೇಳುವುದುಂಟು. ಸಂಜೆ ಗೆರೆ ಒರೆಸಿದ ಮೇಲೆ ಇಬ್ಬರೂ ಸೇರಿ ಮಿರ್ಚಿ ತಿನ್ನಬೇಕು, ಅದೂ ಬಿಸಿಯಾಗಿ. ನಾನು ಮನೋಬಲದ ಬಗ್ಗೆ ನಿಮ್ಮ ಕಾಲದ ಪುಸ್ತಕಗಳನ್ನು ಗ್ರಂಥಾಲಯದಲ್ಲಿ ರಾಶಿ ಓದಿದ್ದೇನೆ. ಪಕ್ಕದ ಮನೆಯವಳ ಕೈಯಲ್ಲಿರುವ ಒದ್ದೆ ಬಟ್ಟೆಯ ವಿಷಯ ಒಂದರಲ್ಲೂ ಸಿಗಲಿಲ್ಲ.

ಈಗ ಸಿಟ್ಟಿಗೆ ಬರುತ್ತೇನೆ. ನಮ್ಮ ನೆರಳುಗಾರರ ಒಕ್ಕೂಟದ ಅಧ್ಯಕ್ಷ ವೀರೇಶ ಮಾಸ್ತರರು ಕೆಟ್ಟವರಲ್ಲ, ಹೊಸದು ಕಂಡರೆ ತಡೆಯಲಾರರು. ಅವರು ಎಲ್ಲಿಂದಲೋ 'ಮನೋಮಾಪಿ' ಎಂಬ ಉಂಗುರ ತರಿಸಿದ್ದಾರೆ. ಬೆರಳಿಗೆ ಹಾಕಿಕೊಂಡು ಇಷ್ಟವಾದದ್ದನ್ನು ಮುಂದಿಟ್ಟುಕೊಂಡು ಕೂತರೆ ಮನೋಬಲ ಎಷ್ಟೆಂದು ಅಂಕಿ ತೋರಿಸುತ್ತದೆ. ಅರವತ್ತರ ಕೆಳಗೆ ಬಂದವರಿಗೆ ಹೊಸ ಶೆಡ್ ಇಲ್ಲ ಎಂಬ ನಿಯಮ ತರಬೇಕೆಂದಿದ್ದಾರೆ. ನನ್ನ ಗೆರೆಯೊಡತಿ ಸುಂಕಮ್ಮನಿಗೆ ಮೂವತ್ತಮೂರು ವರ್ಷ. ತರಕಾರಿ ಸಂತೆಗೆ ಪೂರ್ತಿ ಒಂದೇ ಹಾಸು ಹೊಲಿಯಬೇಕೆಂದು ನಾಲ್ಕು ವರ್ಷ ನಕ್ಷೆ ಬರೆದಿದ್ದಾಳೆ. ಅಷ್ಟು ದೊಡ್ಡದನ್ನು ಹರಡಲು ಶೆಡ್ ಇಲ್ಲದೆ ಆಗದು. ಉಂಗುರ ಅವಳಿಗೆ ನಲವತ್ತೊಂದು ಕೊಟ್ಟಿತು, ಪರೀಕ್ಷೆಯ ನಡುವೆ ನಕ್ಕುಬಿಟ್ಟಳು ಎಂಬ ಕಾರಣಕ್ಕೆ. ವೀರೇಶರಿಗೆ ಎಂಬತ್ತೆಂಟು. ಸಭೆಯಲ್ಲಿ ಅವರು ಅದನ್ನು ಓದಿ ಹೇಳಿದಾಗ ಸುಂಕಮ್ಮ ಎದ್ದು ನಿಂತು, "ಉಂಗುರದಾಗೆ ಎಂಬತ್ತೆಂಟು ಬಂದೈತಣ್ಣಾ, ಖುಷಿ ಆತು. ನಿನ್ ಬಾಗಿಲ ಮ್ಯಾಲಿನ ಗೆರೆ ಮಾತ್ರ ಒಂಬತ್ತು ದಿನದಿಂದ ಹಂಗೇ ಐತೆ," ಎಂದಳು. ಸಭೆ ನಕ್ಕಿತು. ವೀರೇಶರೂ ನಕ್ಕರು. ಪ್ರಸ್ತಾಪವನ್ನು ಮಾತ್ರ ಹಿಂದೆಗೆಯಲಿಲ್ಲ.

ಅವರ ವಾದ ಇಷ್ಟೇ. ಇದು ಹೊಸ ನಿಯಮವಲ್ಲ, 2026ರಲ್ಲೇ ಇಂಥದ್ದು ನಡೆದಿತ್ತು, ಆಗ ಯಾರೂ ತಕರಾರು ಮಾಡಲಿಲ್ಲ. ನಮ್ಮ ಊರಿನ ಕಟ್ಟಳೆ ಹೀಗಿದೆ: ಹಳೆಯ ಪದ್ಧತಿಯನ್ನು ಅಧ್ಯಕ್ಷರು ತಾವೇ ಮತ್ತೆ ಜಾರಿಗೆ ತರಬಹುದು, ಆದರೆ ಅದರ ಕಾಲದಲ್ಲಿ ಒಬ್ಬರಾದರೂ ಹೆಸರು ಹಾಕಿ ಬಹಿರಂಗವಾಗಿ ವಿರೋಧಿಸಿದ್ದರೆ ಊರಿನವರೆಲ್ಲರ ಮತ ಕೇಳಬೇಕು. ಊರಿನವರನ್ನು ಕೇಳಿದರೆ ಉಂಗುರ ಗೆಲ್ಲುವುದಿಲ್ಲ, ಅದು ವೀರೇಶರಿಗೂ ಗೊತ್ತು. ನಾನು 2026ರ ನವೆಂಬರಿನಿಂದ 2027ರ ಏಪ್ರಿಲ್‌ವರೆಗಿನ ಪತ್ರಿಕೆಗಳನ್ನು ಕಣ್ಣು ನೋಯುವಷ್ಟು ಹುಡುಕಿದೆ. ಒಂದು ಸಾಲೂ ಇಲ್ಲ. ಅರವತ್ತೊಂದು ಮಂದಿಯ ಕಣ್ಣೆದುರು ನಡೆದದ್ದಕ್ಕೆ ಒಂದೇ ಒಂದು ಸಾಲೂ ಇಲ್ಲ. 2027ರ ಮೇ ತಿಂಗಳ ಪತ್ರಿಕೆಗಳ ಡಬ್ಬಿಯೊಂದು ಉಳಿದಿದೆ. ಕಾಗದ ಎಷ್ಟು ಜೀರ್ಣವಾಗಿದೆಯೆಂದರೆ ಒಮ್ಮೆ ಮಾತ್ರ ತೆರೆದು ಓದಬಹುದು. ಇದೇ ಮಾರ್ಚ್ 12ರಂದು ಸಭೆಯ ಮುಂದೆ ಅದನ್ನು ತೆರೆಯುತ್ತಾರೆ. ಅದರೊಳಗೆ ಏನಿದೆ ಎಂದು ನನಗೆ ಗೊತ್ತಿಲ್ಲ. ಅದನ್ನು ನೀವು ಇನ್ನೂ ಬರೆದಿಲ್ಲ.

ಹುಲಿಗೆಮ್ಮನಿಗೆ ಶೆಡ್ ಕೊಡಿ ಎಂದು ಕೇಳುತ್ತಿಲ್ಲ, ದಯವಿಟ್ಟು ಈಗ ಕೊಡಬೇಡಿ. ಆಕೆಯೇ ಬರೆದಿದ್ದಾಳೆ, ಶೆಡ್ ಸಿಕ್ಕಿದ್ದರೆ ಸಾಯೋತನಕ ಅದರೊಳಗೆ ಪ್ಯಾಂಟಿಗೆ ಜಿಪ್ ಹಚ್ಚುತ್ತ ಕೂತಿರುತ್ತಿದ್ದೆ ಎಂದು. ಅನ್ಯಾಯದಿಂದ ಒಳ್ಳೆಯದು ಹುಟ್ಟಿತಲ್ಲ, ಇನ್ನೇಕೆ ತಕರಾರು ಎಂದು ವೀರೇಶರು ನನ್ನನ್ನು ಕೇಳಿದರು. ಒಳ್ಳೆಯದನ್ನು ಹುಟ್ಟಿಸಿದ್ದು ಓಣಿ, ಹಲಗೆಯಲ್ಲ ಎಂದೆ. ಈ ಸಲ ಸುಂಕಮ್ಮನ ಹಾಸು ಓಣಿಯಲ್ಲಿ ಹಿಡಿಸುವುದಿಲ್ಲ.

ಈ ಪತ್ರ ಬರೆಯುವುದನ್ನು ನಾನೂ ಮುಂದಕ್ಕೆ ಹಾಕುತ್ತಲೇ ಬಂದೆ. ಜೀವಮಾನದ ಒಂದೇ ಪತ್ರ, ತಪ್ಪಾದರೆ ಎಂಬ ಅಂಜಿಕೆ. ನಾಲ್ಕು ದಿನದ ಹಿಂದೆ ಸುಂಕಮ್ಮ ನನ್ನ ಬಾಗಿಲಿಗೆ ಗೆರೆ ಎಳೆದಳು. ಈಗ ಹೊಸ್ತಿಲ ಮೇಲೆ ಒದ್ದೆ ಬಟ್ಟೆ ಹಿಡಿದು ಕೂತಿದ್ದಾಳೆ. "ಯಮ್ಮಾ, ಊರಿಗೆ ಬೈದು ಮುಗೀತೇನು? ಮಿರ್ಚಿ ಆರಕತ್ತೈತೆ," ಎನ್ನುತ್ತಿದ್ದಾಳೆ.

ಹಾಗಾಗಿ ಮುಗಿಸುತ್ತೇನೆ. ಸಂಘದವರೇ, ತರಬೇತಿದಾರರೇ, ಮಿರ್ಚಿ ಮುಟ್ಟದೆ ಕೂತು ಆ ಹಲಗೆಯ ಕೆಳಗೇ ಓಡಾಡುತ್ತಿರುವ ನಲವತ್ತೆರಡು ಮಂದಿಯೇ, ಅದನ್ನು ದಿನವೂ ಓದಿ ಸುಮ್ಮನಿರುವ ಊರಿನವರೇ, ನಿಮ್ಮ ಬಾಗಿಲಿಗೂ ಒಂದು ಗೆರೆ ಎಳೆದಿದ್ದೇನೆ. ನಾಲ್ಕು ನಿಮಿಷದ ಹಸಿವನ್ನು ನೋಡಿ ಮನುಷ್ಯರ ಮನೋಬಲವನ್ನು ತೀರ್ಮಾನಿಸಿದ್ದು ಯಾವ ಅಧಿಕಾರದಿಂದ? ಉತ್ತರ ಮೇ ತಿಂಗಳ ಪತ್ರಿಕೆಯಲ್ಲಿ ಅಚ್ಚಾಗಬೇಕು. ಆದದ್ದು ತಪ್ಪು ಎಂಬ ಎರಡು ಸಾಲಾದರೂ ಸಾಕು, ಕೆಳಗೆ ನಿಮ್ಮ ಹೆಸರಿರಲಿ. ಗೆರೆಯನ್ನು ನೀವೇ ಒರೆಸಿಕೊಳ್ಳುವಂತಿಲ್ಲ. ಮಾರ್ಚ್ 12ರಂದು ಡಬ್ಬಿಯ ಮುಂದೆ ಒದ್ದೆ ಬಟ್ಟೆ ಹಿಡಿದು ನಿಂತಿರುತ್ತೇನೆ.

ಹಂಪಮ್ಮ
ಹುಲಿಗೆಮ್ಮನ ಓಣಿ, ಬಳ್ಳಾರಿ