ರೊಟ್ಟಿ ನುಂಗುವಾಗಿನ ಸದ್ದು

ಬ್ಯಾಡಗಿ, ೯ ಫೆಬ್ರುವರಿ ೨೦೨೬, ಸೋಮವಾರ

ಇವತ್ತು ಒಪ್ಪತ್ತು. ಅಂಗಳ ಸಾರಿಸಿ, ಪೂಜೆ ಮುಗಿಸಿ, ಮಗಳು ಪುಷ್ಪಲತಾ, ಮೊಮ್ಮಗಳು ಶ್ರಾವಣಿ ಜೊತೆ ಹಾವೇರಿ ಬಸ್ಸು ಹತ್ತಿದೆ. ಶ್ರಾವಣಿಯ ಸ್ಕ್ಯಾನಿನ ರಿಪೋರ್ಟ್ ಬರುವುದಿತ್ತು.

ಎರಡು ವರ್ಷದ ಕೂಸಿನ ಕೆಮ್ಮಿಗೆ ಓಣಿಯವರೆಲ್ಲ, "ಮೆಣಸಿನಕಾಯಿ ಘಾಟು. ಈ ಊರಾಗ ಯಾರು ಕೆಮ್ಮೂದಿಲ್ಲ?" ಅಂದರು. ನಾನು ಒಪ್ಪಲಿಲ್ಲ. ನೆಂಟರ ಊರಿಗೆ ಹೋದಾಗ, ಘಾಟಿಲ್ಲದ ಮೇಡ್ಲೇರಿಯಲ್ಲೂ ಕೂಸು ಕೆಮ್ಮುತ್ತಿತ್ತು. ಅಂಬಲಿ ಕುಡಿದರೆ ಸುಮ್ಮನಿರುತ್ತಿತ್ತು, ರೊಟ್ಟಿ ನುಂಗಿದರೆ ಎದೆಯಲ್ಲಿ ಗೊರಗೊರ ಸದ್ದು. ಹೋದ ವಾರ ಇಷ್ಟನ್ನೇ ಹಾವೇರಿ ಆಸ್ಪತ್ರೆಯ ಡಾಕ್ಟರಮ್ಮನಿಗೆ ಹೇಳಿದ್ದೆ. ಅದನ್ನು ಕೇಳಿಯೇ ಸ್ಕ್ಯಾನ್ ಬರೆದರಂತೆ.

ಇವತ್ತು ಚಿತ್ರ ತೋರಿಸಿದರು. ಹುಟ್ಟಿನಿಂದಲೇ ಒಂದು ರಕ್ತನಾಳ ಉಸಿರಿನ ಕೊಳವೆಯನ್ನೂ ಅನ್ನದ ಕೊಳವೆಯನ್ನೂ ಉಂಗುರದಂತೆ ಬಿಗಿದಿದೆ. ಬಲು ಅಪರೂಪವಂತೆ. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಬಿಡಿಸಬೇಕು ಅಂದಾಗ ಪುಷ್ಪಾ ಅತ್ತಳು.

"ಅಮ್ಮಾರ, ನೀವು ಎಷ್ಟು ಕಲ್ತೀರಿ?" ಅಂದರು ಡಾಕ್ಟರಮ್ಮ.

"ಏಳನೇತ್ತಕ್ಕ ಸಾಲಿ ಬಿಟ್ಟೀನ್ರಿ. ಕೂಸಿಗೆ ಉಣಸೂದಷ್ಟ ಗೊತ್ತು."

"ನಮಗ ಅದ ಬೇಕಾಗಿತ್ತು" ಅಂದರು.

ಉಪವಾಸದ ದಿನ ಇಷ್ಟು ಹೆಮ್ಮೆ ಪಡಬಾರದು. ಶಿವನೇ, ಇದೊಂದು ಸಲ.

ಯಾವುದು ತಿಂದರೆ ಎಂಥ ಸದ್ದು ಬರುತ್ತದೆಂದು ಹುಬ್ಬಳ್ಳಿಯ ಡಾಕ್ಟರು ಫೋನಿನಲ್ಲಿ ಕೇಳಿದ್ದಾರೆ. ಉತ್ತರ ಬರೆದು ದೇವರ ಜಗಲಿ ಮೇಲೆ, ವಿಭೂತಿ ಗಟ್ಟಿಯ ಕೆಳಗೆ ಇಟ್ಟಿದ್ದೇನೆ. ಪುಷ್ಪಾ, ಮುಂಜಾನೆ ಹುಬ್ಬಳ್ಳಿಗೆ ಹೋಗೂವಾಗ ಮರೀದ ತಗೊಂಡ ಹೋಗವ್ವಾ. ಅಕ್ಷರ ಸೊಟ್ಟ ಅದಾವು, ಆದರ ಬರದದ್ದು ಖರೇ ಐತಿ.