ಹಸೀಬನ ಮೊದಲನೇ ಓವರು

ಸಫ್ದರಾ, ಕೇಳು ಮಾರಾಯ! ಇವತ್ತು ನಿನ್ನ ಮಗ ಹಸೀಬ ಬೌಲಿಂಗ್ ಮಾಡಿದ! ಕೊಯ್ಲು ಮುಗಿದು ಖಾಲಿಯಾದ ಕಾಫಿ ಕಣದಲ್ಲಿ, ಕಳಸದ ಟೂರ್ನಮೆಂಟಿಗೆ ಮುಂಚಿನ ಪ್ರಾಕ್ಟೀಸು. ಅವನು ಎಡಭುಜ ತಗ್ಗಿಸಿ ಓಡಿ ಬಂದದ್ದು ಕಂಡು ನನ್ನ ಬಾಯಿಗೆ ನಿನ್ನ ಹೆಸರೇ ಬಂತು. ನುಂಗಿಕೊಂಡೆ.

ಆಮೇಲೆ ಶುರುವಾಯಿತು ನೋಡು, ಮಹಾಸಭೆ!

"ಹುಡುಗ ಇನ್ನೂ ಎಳಸು. ಒಂದು ವರ್ಷ ಹೊರಗೆ ಕೂರ್ಲಿ," ಎಂದ ವೆಂಕಟೇಶ.

"ನೀನು ಇಷ್ಟು ವರ್ಷ ಕೂತು ಏನು ಕಡಿದು ಗುಡ್ಡೆ ಹಾಕಿದ್ದೀಯ?" ಎಂದ ಕ್ಯಾಪ್ಟನ್ ಪ್ರಶಾಂತ. "ಮೊದಲ್ನೇ ಓವರ್ ಅವನದ್ದೇ. ಜಿಲ್ಲಾ ಟೀಮಿಗೂ ಹೋಗ್ತಾನೆ, ನೋಡ್ತಿರು."

ನಾನೂ ಎದ್ದು ನಿಂತು, ನಾಟಕದ ದನಿಯಲ್ಲಿ, ಇವನು ಸಿಡಿಲಮರಿ ಎಂದು ಸಾರಿದೆ. ಕಣವೆಲ್ಲ ಚಪ್ಪಾಳೆ! ಕಾಮೆಂಟರಿ ಹೇಳುವವನಿಗೆ ಇನ್ನೇನು ಬೇಕು? ನಿನ್ನ ಕೊನೆಯ ಮ್ಯಾಚಿನಲ್ಲೂ ಹಾಗೇ ಅಲ್ಲವೇ. ನೀನು ಎದೆ ಹಿಡಿದು ನಿಂತಿದ್ದೆ. ‘ಇನ್ನೊಂದು ಓವರ್, ಸಫ್ದರ್!’ ಎಂದು ನಾನು ಮೈಕಿನಲ್ಲಿ ಗುಡುಗಿದೆ, ಇಡೀ ಮೈದಾನ ಅದನ್ನೇ ಕೂಗಿತು. ನೀನು ನಕ್ಕು ಚೆಂಡು ತೆಗೆದುಕೊಂಡೆ. ಆ ಓವರ್ ಮುಗಿಯಲೇ ಇಲ್ಲ.

ಸಂಜೆ ಒಪ್ಪಿಗೆ ಕೇಳಲು ನಿಮ್ಮ ಮನೆಗೆ ಹೋದೆವು. ಪ್ರಶಾಂತನ ಮಾತನ್ನೆಲ್ಲ ಕೇಳಿಸಿಕೊಂಡು ನಿನ್ನ ಶಬನಂ ಹೇಳಿದಳು, "ಆಡ್ಲಿ. ಅವನಿಗೆ ಅದೇ ಜೀವ. ಡಾಕ್ಟ್ರಿಗೆ ತೋರಿಸಿ ಆಯ್ತು, ಹಾರ್ಟು ಸರಿ ಉಂಟಂತೆ."

ಆಮೇಲೆ ನನ್ನ ಕಡೆ ತಿರುಗಿದಳು. "ಅಣ್ಣಾ, ಅವನ ಮ್ಯಾಚಿನ ದಿನ ನೀವು ಮೈಕ್ ಹಿಡೀಬೇಡಿ."

ಆಯ್ತಮ್ಮ ಎಂದೆ. ಅವಳಿಗೆ ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಹೇಳಿದಳು.